ಪ್ಲಾನ್‌ನ ಅಳತೆ ಪ್ರಿಂಟ್‌ನಲ್ಲಿ ಯಾಕೆ ತಪ್ಪುತ್ತದೆ? ಆಟೋಕ್ಯಾಡ್‌ನಲ್ಲಿ ಸೈಟಿನಿಂದ ಹಾಳೆಯವರೆಗೆ, ಹಂತ ಹಂತವಾಗಿ

ತುಮಕೂರಿನಲ್ಲಿ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್ ಬಳಸಿ ಮನೆ ಪ್ಲಾನ್ ಬರೆದುಕೊಡುವ ಚಿಕ್ಕ ಆಫೀಸು ನನ್ನದು. ಡಿಪ್ಲೊಮಾ, ಐಟಿಐ ಮುಗಿಸಿದವರು ಕೆಲಸ ಕಲಿಯಲು ಬರುತ್ತಾರೆ. ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಚೆನ್ನಾಗಿಯೇ ಬರೆಯುತ್ತಾರೆ. ಪ್ರಿಂಟ್ ತೆಗೆದು ಹಾಳೆಯ ಮೇಲೆ ಸ್ಕೇಲ್ ಇಟ್ಟಾಗ ಮಾತ್ರ ಅಳತೆ ಕೂಡುವುದಿಲ್ಲ. ಬಂದವರೆಲ್ಲ ಇದೇ ಜಾಗದಲ್ಲಿ ಎಡವುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ನಾನೂ ಎಡವಿದ್ದೇನೆ. ಗುಬ್ಬಿ ಕಡೆಯ ಒಂದು 30×40 ಸೈಟಿಗೆ ಪ್ಲಾನ್ ಕೊಟ್ಟಿದ್ದೆ. ಹಾಳೆಯ ಮೂಲೆಯಲ್ಲಿ ಸ್ಕೇಲ್ 1:100 ಅಂತ ಬರೆದಿದ್ದೆ. ಪ್ರಿಂಟ್ ತೆಗೆದದ್ದು ಮಾತ್ರ ಹಳೆಯ ಅಭ್ಯಾಸದಲ್ಲಿ, ಒಂದು ಅಡಿಗೆ ಎಂಟನೇ ಒಂದು ಇಂಚಿನ ಲೆಕ್ಕದಲ್ಲಿ. ಅದು 1:96. ನೋಡಲು ಎರಡೂ ಒಂದೇ ಥರ ಕಾಣುತ್ತವೆ. ಪಾಯ ಗುರುತು ಹಾಕುವ ದಿನ ಮೇಸ್ತ್ರಿ ಹಾಳೆಯ ಮೇಲೆ ಸ್ಕೇಲ್ ಇಟ್ಟರು. 12.7 ಸೆಂಟಿಮೀಟರ್ ಬಂತು. ಅಂದರೆ 12.7 ಮೀಟರ್. ಟೇಪಿನ ಇನ್ನೊಂದು ಅಂಚು ನೋಡಿದರೆ 41 ಅಡಿ 8 ಇಂಚು. "ಸಾರ್, ಸೈಟೇ ನಲವತ್ತಡಿ, ಮನೆ ಪಕ್ಕದವರ ಜಾಗಕ್ಕೆ ಹೋಗ್ತಾ ಇದೆಯಲ್ಲ" ಅಂತ ಫೋನ್ ಮಾಡಿದರು. ಅವರು ಕೇಳಿದ್ದರಿಂದ ಉಳಿಯಿತು. ಕೇಳದೆ ಕಾಲಂ ಗುಂಡಿ ತೆಗೆದಿದ್ದರೆ?

ಅಳತೆ ಮೂರು ಕಡೆ ಕೈ ಬದಲಾಯಿಸುತ್ತದೆ. ಮೊದಲು ಫೈಲಿನ ಯೂನಿಟ್‌ನಲ್ಲಿ, ಆಮೇಲೆ ಲೇಔಟ್‌ನ (ಪ್ರಿಂಟಿಗೆ ಹಾಳೆ ಜೋಡಿಸುವ ಪುಟದ) ಸ್ಕೇಲ್‌ನಲ್ಲಿ, ಕೊನೆಗೆ ಪ್ರಿಂಟರ್‌ನಲ್ಲಿ. ಮೂರನ್ನೂ ಇದೇ ಕ್ರಮದಲ್ಲಿ ನೋಡಬೇಕು. ಯೂನಿಟ್ ತಪ್ಪಿದ್ದಾಗ ಪ್ರಿಂಟರ್ ಜೊತೆ ಗುದ್ದಾಡಿದರೆ ಇಡೀ ದಿನ ಹೋಗುತ್ತದೆ, ತಪ್ಪು ಹಾಗೇ ಇರುತ್ತದೆ.

ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹಾಕಿ. ಇಂಥದೇ ಬೇರೆ ಸಾಫ್ಟ್‌ವೇರ್‌ಗಳಾದ ಝಡ್‌ಡಬ್ಲ್ಯೂಕ್ಯಾಡ್, ಬ್ರಿಕ್ಸ್‌ಕ್ಯಾಡ್ ಬಳಸುವವರಿಗೂ ಇವುಗಳಲ್ಲಿ ಬಹುಪಾಲು ಹಾಗೇ ನಡೆಯುತ್ತವೆ.

## ಮೊದಲು ಕೈಗೆ ಇಟ್ಟುಕೊಳ್ಳಬೇಕಾದದ್ದು

ಒಂದು ಸ್ಟೀಲ್ ಸ್ಕೇಲ್, ಮಿಲಿಮೀಟರ್ ಗುರುತು ಇರುವುದು. ಪ್ಲಾಸ್ಟಿಕ್ ಸ್ಕೇಲ್ ಬೇಡ, ತುದಿ ಸವೆದಿರುತ್ತದೆ. ಚಕ್ರ ಇರುವ ಮೌಸ್. ಕಂಪ್ಯೂಟರ್‌ಗೆ ಯುಪಿಎಸ್. ಸೈಟಿನಲ್ಲಿ ನೀವೇ ಟೇಪ್ ಹಿಡಿದು ಅಳೆದ ನಾಲ್ಕು ಬದಿ ಮತ್ತು ಎರಡು ಮೂಲೆಯಿಂದ ಮೂಲೆ ಅಳತೆ, ಕಾಗದದ ಮೇಲೆ. ಈ ಮೂಲೆ ಅಳತೆ ಇಲ್ಲದೆ ಸೈಟು ಚೌಕವಾಗಿದೆಯೋ ವಾಲಿದೆಯೋ ಗೊತ್ತಾಗುವುದಿಲ್ಲ. ಸರಿಯಾದ 30×40 ಸೈಟಿಗೆ ಎರಡೂ ಮೂಲೆ ಅಳತೆ 50 ಅಡಿ ಬರಬೇಕು.

## ಹಂತ 1: ಬೇರೆಯವರ ಫೈಲ್ ಬಂದರೆ ಮೊದಲು ಅದನ್ನು ಅಳೆಯಿರಿ

ನಮ್ಮ ಕೆಲಸ ಬಹಳ ಸಲ ಇನ್ನೊಬ್ಬರ ಫೈಲಿನಿಂದ ಶುರುವಾಗುತ್ತದೆ. ಸರ್ವೆಯವರು ಕೊಟ್ಟದ್ದು, ಸೈಟುಗಳ ಬಡಾವಣೆ ಮಾಡಿದವರು ಕೊಟ್ಟದ್ದು, ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ್ದು. ತೆರೆದ ಕೂಡಲೇ ಗೆರೆ ಎಳೆಯಲು ಹೋಗಬೇಡಿ. ಮೂಲ ಫೈಲನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟು ಒಂದು ಕಾಪಿಯಲ್ಲಿ ಕೆಲಸ ಮಾಡಿ.

ಮೊದಲ ಕೆಲಸ, ಅಳತೆ ಗೊತ್ತಿರುವ ಒಂದು ಗೆರೆಯನ್ನು ಡಿಸ್ಟ್ ಕಮಾಂಡ್‌ನಿಂದ ಅಳೆಯುವುದು. ಸೈಟಿನ ಮುಂಭಾಗ 30 ಅಡಿ ಅಂತ ಗೊತ್ತಿದ್ದರೆ ಅದನ್ನೇ ಅಳೆಯಿರಿ. ಬಂದ ಅಂಕಿಯೇ ಯೂನಿಟ್ ಯಾವುದು ಅಂತ ಹೇಳುತ್ತದೆ. 360 ಬಂದರೆ ಫೈಲ್ ಇಂಚಿನಲ್ಲಿದೆ. 30 ಬಂದರೆ ಅಡಿಯಲ್ಲಿ. 9.144 ಬಂದರೆ ಮೀಟರ್‌ನಲ್ಲಿ. 9144 ಬಂದರೆ ಮಿಲಿಮೀಟರ್‌ನಲ್ಲಿ. ಅಂಕಿ ಅಡಿ-ಇಂಚಿನ ರೂಪದಲ್ಲಿ ಬರುತ್ತಿದ್ದರೆ ಯೂನಿಟ್ಸ್ ಕಮಾಂಡ್‌ನಲ್ಲಿ ಒಂದು ನಿಮಿಷ ಡೆಸಿಮಲ್‌ಗೆ ಬದಲಾಯಿಸಿ ನೋಡಿ, ನಿಜವಾದ ಅಂಕಿ ಕಾಣುತ್ತದೆ.

ಸರ್ವೆ ಫೈಲ್‌ನಲ್ಲಿ ಇನ್ನೆರಡು ತೊಂದರೆ ಇರುತ್ತದೆ. ಒಂದು, ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ) ಅಥವಾ ಜಿಪಿಎಸ್‌ನಿಂದ ಬಂದ ಬಿಂದುಗಳು ಸೊನ್ನೆಯಿಂದ ತುಂಬಾ ದೂರ ಇರುತ್ತವೆ. ನಮ್ಮ ಭಾಗದಲ್ಲಿ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರ್‌ನಲ್ಲಿ ಗುರುತಿಸುವ ಪದ್ಧತಿ) ಲೆಕ್ಕದ ಉತ್ತರ ಅಂಕಿಯೇ 14 ಲಕ್ಷ ಮೀಟರ್ ದಾಟುತ್ತದೆ. ಅಷ್ಟು ದೂರದಲ್ಲಿ ಬರೆದರೆ ಹ್ಯಾಚ್ (ಆಕಾರದ ಒಳಗೆ ತುಂಬುವ ಗೀರು) ಹರಿದುಹೋಗುತ್ತದೆ, ಗೆರೆ ನಡುಗಿದ ಹಾಗೆ ಕಾಣುತ್ತದೆ, ಗೆರೆಯ ತುದಿಗೆ ಕರ್ಸರ್ ಅಂಟಿಸುವ ಸ್ನ್ಯಾಪ್ ಸರಿಯಾಗಿ ಹಿಡಿಯುವುದಿಲ್ಲ. ಕಾಪಿಯಲ್ಲಿ ಸೈಟಿನ ಒಂದು ಮೂಲೆಯನ್ನು ಹಿಡಿದು ಮೂವ್ ಕಮಾಂಡ್‌ನಿಂದ 0,0 ಗೆ ತನ್ನಿ. ಆ ಮೂಲೆಯ ಹಳೆಯ ಅಂಕಿಗಳನ್ನು ಬರೆದಿಡಿ. ವಾಪಸ್ ಕೂರಿಸಬೇಕಾದಾಗ ಅದು ಬೇಕು. ಆಮೇಲೆ ಸ್ಕೇಲ್ ಕಮಾಂಡ್ ಕೊಡಿ. ಮೀಟರ್‌ನಿಂದ ಇಂಚಿಗೆ 39.3701. ಮೊದಲು ಮೂವ್, ಆಮೇಲೆ ಸ್ಕೇಲ್. ಈ ಕ್ರಮ ತಿರುವುಮುರುವು ಮಾಡಿದರೆ ಅಂಕಿ ಇನ್ನೂ ದೊಡ್ಡದಾಗುತ್ತದೆ.

ಕೋಲಾರ ಕಡೆಯವರಿಗೆ ಇಲ್ಲೊಂದು ಮಾತು ವಿಶೇಷವಾಗಿ ಹೇಳಬೇಕು. ಯುಟಿಎಂ ವಲಯಗಳ ಗಡಿ 78 ಡಿಗ್ರಿ ರೇಖಾಂಶ. ಅದು ನಿಮ್ಮ ಜಿಲ್ಲೆಯ ಮೇಲೇ ಹಾಯುತ್ತದೆ. ಮಾಲೂರು ಪಟ್ಟಣ ಗಡಿಯ ಪಶ್ಚಿಮಕ್ಕೆ, 43ನೇ ವಲಯದಲ್ಲಿದೆ. ಕೋಲಾರ ಪಟ್ಟಣ ಪೂರ್ವಕ್ಕೆ, 44ನೇ ವಲಯದಲ್ಲಿದೆ. ಹಾಗಾಗಿ ಮಾಲೂರಿನ ಸೈಟಿಗೆ ಪೂರ್ವದ ಅಂಕಿ 8 ಲಕ್ಷ ಮೀಟರ್ ಆಸುಪಾಸು ಬಂದರೆ ಕೋಲಾರದ ಸೈಟಿಗೆ 1.9 ಲಕ್ಷದ ಆಸುಪಾಸು ಬರುತ್ತದೆ. ಎರಡು ಫೈಲ್ ಒಂದರಲ್ಲಿ ಸೇರಿಸಿದಾಗ ಜಮೀನುಗಳು ನೂರಾರು ಕಿಲೋಮೀಟರ್ ದೂರ ಬಿದ್ದರೆ ಗಾಬರಿಯಾಗಬೇಡಿ. ಯಾರೂ ತಪ್ಪು ಅಳೆದಿಲ್ಲ. ಎರಡನ್ನೂ ಒಂದೇ ವಲಯದಲ್ಲಿ ಕೊಡಿ ಅಂತ ಸರ್ವೆಯವರನ್ನು ಕೇಳಿ. ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 43ರಲ್ಲೇ ಇವೆ. ಚಿಂತಾಮಣಿ ಗಡಿ ದಾಟಿ 44ಕ್ಕೆ ಬೀಳುತ್ತದೆ.

ಎರಡನೆಯದು ಎತ್ತರ. ಸರ್ವೆ ಬಿಂದುಗಳಿಗೆ ಝಡ್ ಅಂಕಿಯೂ ಇರುತ್ತದೆ. ನಮ್ಮ ಊರುಗಳು ಸಮುದ್ರಮಟ್ಟದಿಂದ 800 ಮೀಟರ್‌ಗೂ ಮೇಲೆ ಇವೆ. ನೀವು ಎಳೆದ ಗೆರೆಯ ಒಂದು ತುದಿ ಸೊನ್ನೆಯಲ್ಲಿ, ಇನ್ನೊಂದು ತುದಿ 820ರಲ್ಲಿ ಕೂತರೆ ಮೇಲಿಂದ ನೋಡಿದಾಗ ಏನೂ ಗೊತ್ತಾಗುವುದಿಲ್ಲ. ಡಿಸ್ಟ್ ಕೊಟ್ಟರೆ ಮಾತ್ರ ಹುಚ್ಚುಹುಚ್ಚು ಅಂಕಿ ಬರುತ್ತದೆ. ಫಿಲೆಟ್ (ಎರಡು ಗೆರೆಯನ್ನು ಮೂಲೆಯಲ್ಲಿ ಸೇರಿಸುವುದು) ಆಗುವುದಿಲ್ಲ, ಹ್ಯಾಚ್ ತುಂಬುವುದಿಲ್ಲ. ಗೆರೆಯನ್ನು ಆರಿಸಿ ಕಂಟ್ರೋಲ್ 1 ಒತ್ತಿ, ಪ್ರಾಪರ್ಟೀಸ್‌ನಲ್ಲಿ ಸ್ಟಾರ್ಟ್ ಝಡ್, ಎಂಡ್ ಝಡ್ ನೋಡಿ. ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಫ್ಲಾಟನ್ ಕಮಾಂಡ್ ಎಲ್ಲವನ್ನೂ ಸೊನ್ನೆಗೆ ಇಳಿಸುತ್ತದೆ. ಮಟ್ಟದ ಅಂಕಿಗಳು ಕಳೆದುಹೋಗುತ್ತವೆ, ಅದಕ್ಕೇ ಕಾಪಿಯಲ್ಲಿ ಮಾಡಿ ಅಂದದ್ದು.

## ಹಂತ 2: ಯೂನಿಟ್ ಕಟ್ಟಿಹಾಕಿ

ಹೊಸ ಫೈಲ್ ಆಗಿದ್ದರೆ ಗೆರೆ ಎಳೆಯುವ ಮೊದಲೇ ಯೂನಿಟ್ಸ್ ಕೊಡಿ. ಅಡಿ-ಇಂಚಿನಲ್ಲಿ ಕೆಲಸ ಮಾಡುವವರು ಆರ್ಕಿಟೆಕ್ಚರಲ್ ಆರಿಸಿ. ಆಗ ಒಂದು ಯೂನಿಟ್ ಅಂದರೆ ಒಂದು ಇಂಚು. ಕೆಳಗೆ ಇನ್ಸರ್ಷನ್ ಸ್ಕೇಲ್ ಅನ್ನುವ ಕಡೆಯೂ ಇಂಚಸ್ ಅಂತಲೇ ಇಡಿ. ಇವೆರಡು ಬೇರೆ ಬೇರೆ ಇದ್ದರೆ ಬೇರೆ ಫೈಲಿನಿಂದ ತಂದ ಬಾಗಿಲಿನ ಬ್ಲಾಕ್ (ಒಂದೇ ತುಂಡಾಗಿ ಕಟ್ಟಿಟ್ಟ ಚಿತ್ರ) ಊರಗಲ ಬಂದು ಕೂರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: 30 ಅಂತ ಟೈಪ್ ಮಾಡಿ ಎಂಟರ್ ಒತ್ತುವುದು. ಅದು 30 ಇಂಚು, ಅಂದರೆ ಎರಡೂವರೆ ಅಡಿ. 30' ಅಂತ ಅಡಿ ಗುರುತು ಹಾಕಲೇಬೇಕು. ಐದೂವರೆ ಅಡಿಗೆ 5'6 ಸಾಕು, ಇಂಚಿನ ಗುರುತು ಬೇಡ. ಅರ್ಧ ಇಂಚು ಬಂದರೆ 5'6-1/2 ಅಂತ ನಡುವೆ ಅಡ್ಡಗೆರೆ ಹಾಕಿ.

ಇನ್ನೊಂದು ತಪ್ಪು ಕಲ್ಪನೆ ಇದೆ. ಯೂನಿಟ್ಸ್‌ನಲ್ಲಿ ಮಿಲಿಮೀಟರ್ ತೆಗೆದು ಇಂಚು ಮಾಡಿದರೆ ಈಗಾಗಲೇ ಬರೆದದ್ದೂ ಬದಲಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ, ಬದಲಾಗುವುದಿಲ್ಲ. ಹಣೆಪಟ್ಟಿ ಮಾತ್ರ ಬದಲಾಗುತ್ತದೆ. ಬರೆದದ್ದನ್ನು ಸ್ಕೇಲ್ ಕಮಾಂಡ್‌ನಿಂದ ನೀವೇ ಬದಲಾಯಿಸಬೇಕು. ಎಷ್ಟು ಪಟ್ಟು ಹೆಚ್ಚುಕಡಿಮೆ ಆಗಿದೆ ಅಂತ ನೋಡಿದರೆ ಎಲ್ಲಿ ತಪ್ಪಿದೆ ಗೊತ್ತಾಗುತ್ತದೆ. 12 ಪಟ್ಟು ಅಂದರೆ ಅಡಿ ಮತ್ತು ಇಂಚಿನ ಗೊಂದಲ. 25.4 ಪಟ್ಟು ಅಂದರೆ ಇಂಚು ಮತ್ತು ಮಿಲಿಮೀಟರ್. 304.8 ಅಂದರೆ ಅಡಿ ಮತ್ತು ಮಿಲಿಮೀಟರ್. 1000 ಅಂದರೆ ಮೀಟರ್ ಮತ್ತು ಮಿಲಿಮೀಟರ್. ಈ ನಾಲ್ಕು ಅಂಕಿಗಳನ್ನು ನಮ್ಮ ಆಫೀಸಿನ ಗೋಡೆಗೆ ಅಂಟಿಸಿದ್ದೇವೆ.

ಸ್ಕೆಚ್‌ನ ಫೋಟೋ ತಂದು ಅದರ ಮೇಲೆ ಗೆರೆ ಎಳೆಯುವವರು ಸ್ಕೇಲ್ ಕಮಾಂಡ್‌ನಲ್ಲಿ ರೆಫರೆನ್ಸ್ ಆರಿಸಿ, ಗೊತ್ತಿರುವ ಬದಿಯ ಎರಡು ತುದಿ ತೋರಿಸಿ, ನಿಜವಾದ ಅಳತೆ ಕೊಡಿ. ಆಮೇಲೆ ಅಡ್ಡ ಬದಿಯನ್ನೂ ಅಳೆಯಿರಿ. ಮೊಬೈಲ್ ಸ್ವಲ್ಪ ವಾಲಿದ್ದರೂ ಒಂದು ಬದಿ ಕೂಡುತ್ತದೆ, ಇನ್ನೊಂದು ಬದಿ ಕೂಡುವುದಿಲ್ಲ. ಹಾಗಾದರೆ ಫೋಟೋ ಬಿಡಿ, ಸ್ಕ್ಯಾನ್ ಮಾಡಿಸಿ.

## ಹಂತ 3: ನಿಜವಾದ ಅಳತೆಯಲ್ಲೇ ಬರೆಯಿರಿ

ಮಾಡೆಲ್ ಜಾಗದಲ್ಲಿ, ಅಂದರೆ ನಾವು ಗೆರೆ ಎಳೆಯುವ ಕಡೆ, ಎಲ್ಲವೂ ನಿಜವಾದ ಗಾತ್ರದಲ್ಲಿರಬೇಕು. 40 ಅಡಿ ಅಂದರೆ 40 ಅಡಿ. ಹಾಳೆಗೆ ಹಿಡಿಸಲಿ ಅಂತ ಇಲ್ಲೇ ಚಿಕ್ಕದು ಮಾಡಬೇಡಿ.

ಸೈಟಿನ ಗಡಿಯನ್ನು ಪಿಲೈನ್‌ನಿಂದ ಎಳೆದು ಕೊನೆಯಲ್ಲಿ ಕ್ಲೋಸ್ ಕೊಡಿ. ಕೊನೆಯ ಬಿಂದುವನ್ನು ಕಣ್ಣಳತೆಯಲ್ಲಿ ಮೊದಲ ಬಿಂದುವಿಗೆ ಮುಟ್ಟಿಸಬೇಡಿ. ತಕ್ಷಣ ಏರಿಯಾ ಕಮಾಂಡ್, ಆಬ್ಜೆಕ್ಟ್ ಆರಿಸಿ ಗೆರೆ ಒತ್ತಿ. 30×40 ಸೈಟಿಗೆ 172800 ಚದರ ಇಂಚು, ಪಕ್ಕದಲ್ಲೇ 1200 ಚದರ ಅಡಿ ಅಂತ ತೋರಿಸಬೇಕು. ಜಮೀನಿನ ಲೆಕ್ಕವಾದರೆ 33 ಅಡಿ ಚೌಕ ಎಳೆದು ನೋಡಿ. 1089 ಚದರ ಅಡಿ, ಒಂದು ಗುಂಟೆ. ಇದು ಸರಿ ಬಂದರೆ ಯೂನಿಟ್ ಸರಿ ಇದೆ ಅಂತ ನಿಶ್ಚಿಂತೆಯಾಗಿ ಮುಂದೆ ಹೋಗಬಹುದು.

ಗೋಡೆಗೆ ಆಫ್‌ಸೆಟ್ (ಗೆರೆಗೆ ಸಮಾನಾಂತರವಾಗಿ ಇನ್ನೊಂದು ಗೆರೆ ಎಳೆಯುವ ಕಮಾಂಡ್) ಬಳಸಿ. ಇಟ್ಟಿಗೆ ಗೋಡೆ 9, ಸಾಲಿಡ್ ಬ್ಲಾಕ್ 6, ಒಳಗೋಡೆ 4.5. ಮೇಸ್ತ್ರಿ ಯಾವ ಬ್ಲಾಕ್ ತರಿಸುತ್ತಾರೆ ಅಂತ ಮೊದಲೇ ಕೇಳಿ. 9 ಇಂಚಿಗೆ ಬರೆದು 6 ಇಂಚಿನ ಬ್ಲಾಕ್ ಬಂದರೆ ಕೋಣೆಗಳ ಒಳ ಅಳತೆ ಎಲ್ಲ ಬದಲಾಗುತ್ತದೆ.

ಈಗ ಒಂದು ಅಪಾಯದ ಗುರುತು. ಯೂನಿಟ್ಸ್‌ನಲ್ಲಿ ಪ್ರಿಸಿಷನ್ ಅನ್ನು ಪೂರ್ತಿ ಇಂಚಿಗೆ ಇಟ್ಟಿದ್ದರೆ ಸಾಫ್ಟ್‌ವೇರ್ ಅಂಕಿಯನ್ನು ದುಂಡು ಮಾಡಿ ತೋರಿಸುತ್ತದೆ. ಗೋಡೆ 9 ಅಡಿ ಹನ್ನೊಂದು ಮುಕ್ಕಾಲು ಇಂಚು ಇದ್ದರೂ ಪರದೆಯ ಮೇಲೆ 10'-0" ಅಂತಲೇ ಕಾಣುತ್ತದೆ. ಐದು ಕೋಣೆ ಕೂಡಿಸಿದಾಗ ಒಂದು ಇಂಚಿಗೂ ಜಾಸ್ತಿ ವ್ಯತ್ಯಾಸ. ಬರೆಯುವಾಗ ಪ್ರಿಸಿಷನ್ 1/16ಕ್ಕೆ ಇಡಿ. ಭಿನ್ನರಾಶಿ ಕಂಡರೆ ಎಲ್ಲೋ ಕಣ್ಣಳತೆಯಲ್ಲಿ ಕ್ಲಿಕ್ ಮಾಡಿದ್ದೀರಿ ಅಂತ ಅರ್ಥ. ಎಫ್3 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಹಾಕಿಕೊಳ್ಳಿ, ಎಫ್8 ಒತ್ತಿ ಆರ್ಥೋ ಹಾಕಿಕೊಳ್ಳಿ. ಕರ್ಸರ್ ತಾನೇ ಜಿಗಿಜಿಗಿದು ಹೋಗುತ್ತಿದ್ದರೆ ಅದು ಎಫ್9ರ ಸ್ನ್ಯಾಪ್, ಎಫ್9 ಒತ್ತಿ ನಿಲ್ಲಿಸಿ.

## ಹಂತ 4: ಅಳತೆ ಬರೆಯುವುದು ಮತ್ತು ಕನ್ನಡ ಅಕ್ಷರ

ಡೈಮೆನ್ಷನ್ ತಾನೇ ಅಳೆದು ಬರೆಯುತ್ತದೆ. ಅದನ್ನು ತಿದ್ದಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೋಣೆ 11'-8" ಬಂದಿದೆ, ಮಾಲೀಕರು 12 ಅಡಿ ಕೇಳಿದ್ದಾರೆ. ಕಲಿಯುವ ಹುಡುಗ ಅಂಕಿಯ ಮೇಲೆ ಎರಡು ಸಲ ಒತ್ತಿ 12'-0" ಅಂತ ಟೈಪ್ ಮಾಡುತ್ತಾನೆ. ಹಾಳೆಯ ಮೇಲೆ ಚೆಂದ ಕಾಣುತ್ತದೆ. ಗೋಡೆ ಮಾತ್ರ ಅಲ್ಲೇ ನಿಂತಿದೆ. ಆಮೇಲೆ ಆ ಸಾಲಿನ ಕೋಣೆಗಳನ್ನು ಕೂಡಿಸಿದರೆ ಒಟ್ಟು ಅಳತೆಗಿಂತ 4 ಇಂಚು ಜಾಸ್ತಿ. ಯಾವ ಅಂಕಿ ಸುಳ್ಳು ಅಂತ ಸೈಟಿನಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು? ಗೋಡೆಯನ್ನು ಸ್ಟ್ರೆಚ್ ಕಮಾಂಡ್‌ನಿಂದ ಸರಿಸಿ, ಅಂಕಿ ತಾನೇ ಬದಲಾಗುತ್ತದೆ. ಬೇರೆಯವರ ಫೈಲಿನಲ್ಲಿ ಅನುಮಾನ ಬಂದರೆ ಡೈಮೆನ್ಷನ್ ಆರಿಸಿ ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ಓವರ್‌ರೈಡ್ ನೋಡಿ. ಅಲ್ಲಿ ಏನಾದರೂ ಬರೆದಿದ್ದರೆ ಅಳಿಸಿ. ನಿಜವಾದ ಅಳತೆ ಮೇಲೆ ಬರುತ್ತದೆ.

ಅಕ್ಷರದ ಎತ್ತರವನ್ನು ಹಾಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಹಾಳೆಯ ಮೇಲೆ 2.5 ಮಿಲಿಮೀಟರ್ ಇದ್ದರೆ ಓದಲು ಸಾಕು. 1:50 ಸ್ಕೇಲಿಗೆ ಮಾಡೆಲ್‌ನಲ್ಲಿ ಅದು ಸುಮಾರು 5 ಇಂಚು. 1:100 ಸ್ಕೇಲಿಗೆ ಸುಮಾರು 10 ಇಂಚು.

ಕನ್ನಡದಲ್ಲಿ ಅಡುಗೆಮನೆ, ದೇವರಮನೆ, ಸಂಪು ಅಂತ ಬರೆದುಕೊಟ್ಟರೆ ಮೇಸ್ತ್ರಿಗೂ ಮನೆಯವರಿಗೂ ಎಷ್ಟು ಅನುಕೂಲ! ಬರೆಯಿರಿ. ಆದರೆ ಮೊದಲು ಸ್ಟೈಲ್ ಕಮಾಂಡ್‌ನಲ್ಲಿ ಕನ್ನಡಕ್ಕೆ ಬೇರೆ ಸ್ಟೈಲ್ ಮಾಡಿ, ಫಾಂಟ್ ತುಂಗಾ ಅಥವಾ ನಿರ್ಮಲಾ ಯುಐ ಇಡಿ. ಆಟೋಕ್ಯಾಡ್‌ನ ಸ್ವಂತ ಶೇಪ್ ಫಾಂಟ್‌ಗಳಲ್ಲಿ ಕನ್ನಡ ಅಕ್ಷರವೇ ಇಲ್ಲ, ಅದಕ್ಕೇ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬರುವುದು. ಪ್ರಶ್ನಾರ್ಥಕ ಚಿಹ್ನೆಯ ಬದಲು ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಂಡರೆ ಅದು ಬೇರೆ ರೋಗ. ಯಾರೋ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ, ಆ ಫಾಂಟ್ ನಿಮ್ಮ ಕಂಪ್ಯೂಟರ್‌ನಲ್ಲಿಲ್ಲ. ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸಿ ಮತ್ತೆ ಅಂಟಿಸಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅದೇ ಮಾತನ್ನು ಎಂಟೆಕ್ಸ್ಟ್‌ನಲ್ಲಿ ಹಾಕಿ ನೋಡಿ.

## ಹಂತ 5: ಲೇಔಟ್‌ನಲ್ಲಿ ಸ್ಕೇಲ್ ಕೂರಿಸುವುದು

ಜಾಸ್ತಿ ಜನ ಬೀಳುವ ಗುಂಡಿ ಇದೇ. ನಿಧಾನವಾಗಿ ಓದಿ.

ನಾವು ಬರೆಯುವುದು ಅಡಿ-ಇಂಚಿನಲ್ಲಿ. ಹಾಳೆ ಎ3, ಅಂದರೆ 420×297 ಮಿಲಿಮೀಟರ್. ಲೇಔಟ್‌ನಲ್ಲಿ ವ್ಯೂಪೋರ್ಟ್ (ಬರೆದದ್ದನ್ನು ಹಾಳೆಯ ಮೇಲೆ ತೋರಿಸುವ ಕಿಟಕಿ) ಹಾಕಿ ಸ್ಕೇಲ್ ಪಟ್ಟಿಯಿಂದ 1:100 ಆರಿಸಿದರೆ ಮನೆ ಮಾಯವಾಗುತ್ತದೆ. ಹುಡುಕಿದರೆ ಮಧ್ಯದಲ್ಲಿ ಒಂದು ಚುಕ್ಕೆ. ಯಾಕೆ ಗೊತ್ತಾ? ಸಾಫ್ಟ್‌ವೇರ್ ಆ 1:100 ಅನ್ನು ಹಾಳೆಯ ಒಂದು ಮಿಲಿಮೀಟರ್‌ಗೆ ಫೈಲಿನ ನೂರು ಯೂನಿಟ್ ಅಂತ ಓದುತ್ತದೆ. ನಿಮ್ಮ ಯೂನಿಟ್ ಇಂಚು. ಒಂದು ಮಿಲಿಮೀಟರ್‌ಗೆ ನೂರು ಇಂಚು ಆಯಿತು. 40 ಅಡಿ ಅಂದರೆ 480 ಇಂಚು, ಹಾಳೆಯ ಮೇಲೆ 4.8 ಮಿಲಿಮೀಟರ್.

ಆಗ ಗಾಬರಿಯಲ್ಲಿ ಮೌಸ್ ಚಕ್ರ ತಿರುಗಿಸಿ ಹಾಳೆ ತುಂಬುವಷ್ಟು ದೊಡ್ಡದು ಮಾಡುತ್ತಾರೆ. ಕೆಳಗೆ ಸ್ಕೇಲ್ 1:100 ಅಂತ ಬರೆಯುತ್ತಾರೆ. ಆ ಹಾಳೆಗೆ ಯಾವ ಸ್ಕೇಲೂ ಇಲ್ಲ.

ಸರಿಯಾದ ದಾರಿ ಇದು. ಸ್ಕೇಲ್‌ಲಿಸ್ಟ್‌ಎಡಿಟ್ ಕಮಾಂಡ್ ಕೊಡಿ. ಆಡ್ ಒತ್ತಿ. ಹೆಸರು "1:100 ಇಂಚು" ಅಂತ ಇಡಿ. ಪೇಪರ್ ಯೂನಿಟ್ಸ್ 25.4, ಡ್ರಾಯಿಂಗ್ ಯೂನಿಟ್ಸ್ 100. ಹಾಗೇ 1:50ಕ್ಕೆ 25.4 ಮತ್ತು 50. ಒಮ್ಮೆ ಮಾಡಿ ಟೆಂಪ್ಲೇಟ್ ಫೈಲಿನಲ್ಲಿ ಉಳಿಸಿಕೊಂಡರೆ ಮತ್ತೆ ಯೋಚನೆಯೇ ಇಲ್ಲ. ಪಟ್ಟಿ ಬೇಡ ಅನ್ನುವವರು ವ್ಯೂಪೋರ್ಟ್ ಒಳಗೆ ಎರಡು ಸಲ ಒತ್ತಿ, ಝೂಮ್ ಕೊಟ್ಟು, 1:100ಕ್ಕೆ 0.254 ಅಂತ ಹಾಕಿ ಅದರ ಬೆನ್ನಿಗೇ ಎಕ್ಸ್, ಪಿ ಅಕ್ಷರ ಸೇರಿಸಿ ಎಂಟರ್ ಒತ್ತಿ. 1:50ಕ್ಕೆ 0.508.

ಈಗ ಸೈಟು 1:50ರಲ್ಲಿ ಹಾಳೆಯ ಮೇಲೆ 182.9×243.8 ಮಿಲಿಮೀಟರ್ ಬರುತ್ತದೆ. ಎ3ಗೆ ಆರಾಮಾಗಿ ಹಿಡಿಸುತ್ತದೆ, ಪಕ್ಕದಲ್ಲಿ ಬಾಗಿಲು-ಕಿಟಕಿ ಪಟ್ಟಿಗೂ ಜಾಗ ಸಿಗುತ್ತದೆ. 1:100ರಲ್ಲಿ 91.4×121.9. ಎ4 ಸಾಕು.

ಸ್ಕೇಲ್ ಕೂತ ಮೇಲೆ ವ್ಯೂಪೋರ್ಟ್ ಆರಿಸಿ ಪ್ರಾಪರ್ಟೀಸ್‌ನಲ್ಲಿ ಡಿಸ್ಪ್ಲೇ ಲಾಕ್ಡ್ ಅನ್ನುವುದಕ್ಕೆ ಯೆಸ್ (ಹೌದು) ಕೊಡಿ. ಬೀಗ ಹಾಕದಿದ್ದರೆ ಚಕ್ರ ಒಂದು ಸಲ ತಿರುಗಿದರೂ ಸ್ಕೇಲ್ ಹೋಯಿತು, ಗೊತ್ತೂ ಆಗುವುದಿಲ್ಲ.

ಸಜ್ಜಾ, ಬೀಮ್ ತೋರಿಸುವ ತುಂಡು ಗೆರೆಗಳು ಲೇಔಟ್‌ನಲ್ಲಿ ಪೂರ್ತಿ ಗೆರೆಯಾಗಿ ಕಂಡರೆ ಅದೂ ಇಂಚು-ಮಿಲಿಮೀಟರ್ ಜಗಳವೇ. ಎಲ್‌ಟಿಸ್ಕೇಲ್ 10 ಕೊಟ್ಟು ರೀಜೆನ್‌ಆಲ್ ಮಾಡಿ ನೋಡಿ. ಹೆಚ್ಚುಕಡಿಮೆ ಮಾಡಿಕೊಳ್ಳಿ.

## ಹಂತ 6: ಪ್ರಿಂಟ್, ಆಮೇಲೆ ಸ್ಟೀಲ್ ಸ್ಕೇಲ್

ಲೇಔಟ್‌ನಲ್ಲಿ ಹಾಳೆಯ ಕೆಳಗೆ 100 ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆಯಿರಿ. ಎಡಬದಿಯಲ್ಲಿ ನಿಂತ ಹಾಗೆ ಇನ್ನೊಂದು, ಅದೂ 100. ಪಕ್ಕದಲ್ಲಿ "ಈ ಗೆರೆ 10 ಸೆಂಟಿಮೀಟರ್ ಇರಬೇಕು" ಅಂತ ಕನ್ನಡದಲ್ಲೇ ಬರೆಯಿರಿ. ಹಾಳೆಯ ಸುತ್ತ 10 ಮಿಲಿಮೀಟರ್ ಖಾಲಿ ಬಿಡಿ, ಪ್ರಿಂಟರ್‌ಗಳು ಅಂಚಿನವರೆಗೆ ಮುಟ್ಟುವುದಿಲ್ಲ.

ಪ್ಲಾಟ್ ಕೊಡುವಾಗ ಪ್ರಿಂಟರ್ ಜಾಗದಲ್ಲಿ ಡಿಡಬ್ಲ್ಯೂಜಿ ಟು ಪಿಡಿಎಫ್, ಹಾಳೆ ಎ3, ಪ್ಲಾಟ್ ಏರಿಯಾ ಲೇಔಟ್, ಸ್ಕೇಲ್ 1:1. ಲೇಔಟ್‌ನಲ್ಲಿ ಸ್ಕೇಲ್ ಆಗಲೇ ಕೂತಿದೆ, ಇಲ್ಲಿ ಮತ್ತೆ ಬೇಡ. ಪ್ಲಾಟ್ ಸ್ಟೈಲ್ ಮೊನೋಕ್ರೋಮ್ ಇಡಿ. ಇಲ್ಲದಿದ್ದರೆ ಹಳದಿ, ಹಸಿರು ಗೆರೆಗಳು ಕಪ್ಪು-ಬಿಳುಪು ಪ್ರಿಂಟರ್‌ನಲ್ಲಿ ಮಾಸಿದ ಬೂದಿಯಾಗುತ್ತವೆ. ಪರದೆಯಲ್ಲಿ ಕಾಣುವ ಗೋಡೆ ಪ್ರಿಂಟ್‌ನಲ್ಲಿ ಇಲ್ಲವೇ ಇಲ್ಲ ಅಂದರೆ ಅದು ಹೆಚ್ಚಾಗಿ ಡೆಫ್‌ಪಾಯಿಂಟ್ಸ್ ಅನ್ನುವ ಲೇಯರ್‌ನಲ್ಲಿ (ಗೆರೆಗಳನ್ನು ವಿಂಗಡಿಸಿಡುವ ಪದರದಲ್ಲಿ) ಸೇರಿಕೊಂಡಿರುತ್ತದೆ. ಆ ಲೇಯರ್ ಎಂದೂ ಪ್ರಿಂಟ್ ಆಗುವುದಿಲ್ಲ. ಗೆರೆಗಳನ್ನು ಬೇರೆ ಲೇಯರ್‌ಗೆ ಹಾಕಿ.

ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸ್ಕ್ರೀನ್‌ಶಾಟ್ ಆಗಿ ಹೋದರೆ ಅಳತೆ ಸತ್ತ ಹಾಗೆ. ಪ್ರಿಂಟ್ ಅಂಗಡಿಯಲ್ಲಿ "ಆಕ್ಚುಯಲ್ ಸೈಜ್ ಹಾಕಿ" ಅಂತ ಬಾಯಿಬಿಟ್ಟು ಹೇಳಿ. ಬಹಳ ಕಡೆ ಫಿಟ್ ಅಂತಲೇ ಇರುತ್ತದೆ, ಎಲ್ಲರಿಗೂ ಅದೇ ಬೇಕಾಗಿರುತ್ತದೆ ಪಾಪ.

ಹಾಳೆ ಕೈಗೆ ಬಂದ ಮೇಲೆ ದುಡ್ಡು ಕೊಡುವ ಮೊದಲೇ ಸ್ಟೀಲ್ ಸ್ಕೇಲ್ ಇಡಿ. ಎರಡೂ ಗೆರೆ 100 ಇರಬೇಕು. ಎರಡೂ 97 ಬಂದರೆ ಫಿಟ್ ಆಗಿದೆ, ಮತ್ತೆ ತೆಗೆಸಿ. ಒಂದು 100, ಇನ್ನೊಂದು 98 ಬಂದರೆ ಪ್ರಿಂಟರ್ ಹಾಳೆಯನ್ನು ಒಂದು ಕಡೆಗೆ ಎಳೆಯುತ್ತಿದೆ, ಬೇರೆ ಅಂಗಡಿ ನೋಡಿ. ಜೆರಾಕ್ಸ್ ಪ್ರತಿಯನ್ನೂ ಇದೇ ಥರ ಅಳೆಯಿರಿ. ಅದೂ ಕುಗ್ಗುತ್ತದೆ.

ಮೇಸ್ತ್ರಿಗೆ ಕೊಡುವ ಹಾಳೆಯಲ್ಲಿ ಕಾಲಂ ಮಧ್ಯದಿಂದ ಮಧ್ಯದ ಅಳತೆ, ಮೂಲೆಯಿಂದ ಮೂಲೆಯ ಅಳತೆ ಎರಡನ್ನೂ ಅಂಕಿಯಲ್ಲಿ ಬರೆದುಕೊಡಿ. ಸ್ಕೇಲ್ ಇಟ್ಟು ನೋಡುವ ಪ್ರಮೇಯವೇ ಬರಬಾರದು. ಬಂದರೂ ಹಾಳೆ ಸುಳ್ಳು ಹೇಳಬಾರದು.

## ನಡುವೆ ಸಾಫ್ಟ್‌ವೇರ್ ಕೈಕೊಟ್ಟರೆ

ಫೈಲ್ ತೆರೆಯುವ ಕಿಟಕಿ ಬರದೆ ಕೆಳಗೆ ಹೆಸರು ಟೈಪ್ ಮಾಡಿ ಅಂತ ಕೇಳುತ್ತಿದ್ದರೆ ಫೈಲ್‌ಡಯಾ 1 ಮಾಡಿ. ಎರಡನೆಯ ಗೆರೆ ಆರಿಸಿದಾಗ ಮೊದಲನೆಯದು ಬಿಟ್ಟುಹೋದರೆ ಪಿಕ್‌ಆಡ್ 2. ಮಿರರ್ ಮಾಡಿದಾಗ ಅಕ್ಷರ ಉಲ್ಟಾ ಆದರೆ ಮಿರ್‌ಟೆಕ್ಸ್ಟ್ 0, ಇದರಲ್ಲಿ ಮಿರ್ ಅನ್ನುವಲ್ಲಿ ಆರ್ ಅಕ್ಷರ ಎರಡು ಸಲ. ಕಮಾಂಡ್ ಸಾಲು ಮಾಯವಾದರೆ ಕಂಟ್ರೋಲ್ 9. ವೃತ್ತ ಮೂಲೆ ಮೂಲೆಯಾಗಿ ಕಂಡರೆ ರೀಜೆನ್ ಸಾಕು, ವೃತ್ತ ಕೆಟ್ಟಿಲ್ಲ.

ಹ್ಯಾಚ್ ತುಂಬದಿದ್ದರೆ ಮೂಲೆಗಳಿಗೆ ಝೂಮ್ ಮಾಡಿ ನೋಡಿ, ಎಲ್ಲೋ ಕೂದಲೆಳೆಯಷ್ಟು ಸಂದು ಇರುತ್ತದೆ. ಫಿಲೆಟ್ ರೇಡಿಯಸ್ 0 ಕೊಟ್ಟು ಮೂಲೆ ಮುಚ್ಚಿ.

ಒಂದು ಮಹಡಿಯ ಮನೆಯ ಫೈಲ್ ಹತ್ತಾರು ಎಂಬಿ ಆಗಿ ಆಮೆಯಂತೆ ನಡೆಯುತ್ತಿದ್ದರೆ ಹಳೆಯ ಫೈಲ್‌ಗಳಿಂದ ಅಂಟಿಸಿದ ಕಸ ತುಂಬಿದೆ. ಈ ಕ್ರಮದಲ್ಲಿ ಮಾಡಿ: ಆಡಿಟ್ ಕೊಟ್ಟು ತಪ್ಪು ಸರಿಪಡಿಸಲು ಯೆಸ್ ಅನ್ನಿ, ಆಮೇಲೆ ಓವರ್‌ಕಿಲ್‌ನಿಂದ ಒಂದರ ಮೇಲೊಂದು ಕೂತ ಗೆರೆ ತೆಗೆಯಿರಿ, ಆಮೇಲೆ ಬಳಕೆಯಲ್ಲಿಲ್ಲದ್ದನ್ನು ಅಳಿಸುವ ಪರ್ಜ್. ಪರ್ಜ್ ಹೆಸರಿನ ಮೊದಲಿಗೆ ಕಿರುಗೆರೆ ಸೇರಿಸಿ ಟೈಪ್ ಮಾಡಿದರೆ ರೆಗ್‌ಆಪ್ಸ್ ಅನ್ನುವ ಆಯ್ಕೆ ಸಿಗುತ್ತದೆ, ಅದನ್ನೂ ಓಡಿಸಿ.

ಬೇರೆಯವರಿಗೆ ಫೈಲ್ ಕೊಡುವಾಗ ಇಟ್ರಾನ್ಸ್‌ಮಿಟ್ ಬಳಸಿದರೆ ಫಾಂಟ್, ಚಿತ್ರ, ಹೊರಗಿನಿಂದ ಜೋಡಿಸಿದ ಫೈಲ್ ಎಲ್ಲ ಒಂದೇ ಗಂಟಾಗಿ ಹೋಗುತ್ತವೆ. ಅವರಲ್ಲಿ ಹಳೆಯ ಆವೃತ್ತಿ ಇದ್ದರೆ ಸೇವ್‌ಆಸ್‌ನಲ್ಲಿ 2010 ಅಥವಾ 2007ರ ರೂಪ ಆರಿಸಿ.

ಇನ್ನು ಕರೆಂಟು. ಸೇವ್‌ಟೈಮ್ ಸಾಮಾನ್ಯವಾಗಿ 10 ನಿಮಿಷಕ್ಕೆ ಇರುತ್ತದೆ, 5 ಮಾಡಿಕೊಳ್ಳಿ. ಕರೆಂಟು ಹೋಗಿ ಫೈಲ್ ಕೆಟ್ಟರೆ ಅದನ್ನು ತಕ್ಷಣ ತೆರೆದು ಸೇವ್ ಒತ್ತಬೇಡಿ. ಸೇವ್ ಒತ್ತಿದರೆ ಒಳ್ಳೆಯ ಹಳೆಯ ಪ್ರತಿಯ ಮೇಲೆ ಕೆಟ್ಟದ್ದು ಕೂರುತ್ತದೆ. ಮೊದಲು ಅದೇ ಫೋಲ್ಡರ್‌ನಲ್ಲಿ ಹೆಸರಿನ ಕೊನೆಯಲ್ಲಿ ಬಿ, ಎ, ಕೆ ಇರುವ ಬ್ಯಾಕ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿ. ಆಪ್ಷನ್ಸ್‌ನಲ್ಲಿ ಫೈಲ್ಸ್ ಅನ್ನುವ ಕಡೆ ಆಟೋಮ್ಯಾಟಿಕ್ ಸೇವ್ ಜಾಗ ಯಾವುದು ಅಂತ ಬರೆದಿರುತ್ತದೆ. ಅಲ್ಲಿಗೆ ಹೋಗಿ ಕೊನೆಯಲ್ಲಿ ಎಸ್, ವಿ ಮತ್ತು ಡಾಲರ್ ಚಿಹ್ನೆ ಇರುವ ಫೈಲನ್ನೂ ಕಾಪಿ ಮಾಡಿ. ಸಾಫ್ಟ್‌ವೇರ್ ಅನ್ನು ಸರಿಯಾಗಿ ಮುಚ್ಚಿದರೆ ಈ ಎರಡನೆಯ ಫೈಲ್ ತಾನೇ ಅಳಿಸಿಹೋಗುತ್ತದೆ, ಅದಕ್ಕೇ ಇಷ್ಟು ಅವಸರ. ಎರಡರ ಹೆಸರಿನ ಕೊನೆಯನ್ನೂ ಡಿಡಬ್ಲ್ಯೂಜಿ ಅಂತ ಬದಲಾಯಿಸಿ. ಸಮಯ ನೋಡಿ ಯಾವುದು ಹೊಸದೋ ಅದನ್ನು ಮೊದಲು ತೆರೆಯಿರಿ. ತೆರೆಯದಿದ್ದರೆ ಖಾಲಿ ಫೈಲಿನಿಂದ ರಿಕವರ್ ಕಮಾಂಡ್ ಕೊಟ್ಟು ಅದನ್ನು ಆರಿಸಿ. ಅದೂ ಆಗದಿದ್ದರೆ ಹೊಸ ಫೈಲಿನಲ್ಲಿ ಇನ್ಸರ್ಟ್ ಮಾಡಿ ನೋಡಿ, ಕೆಲವೊಮ್ಮೆ ಹಾಗೆ ಬರುತ್ತದೆ.

ಬಂದ ಮೇಲೆ ಮುಂದಿನ ಗೆರೆ ಎಳೆಯುವ ಮೊದಲು ಸೈಟಿನ ಮುಂಭಾಗವನ್ನು ಡಿಸ್ಟ್ ಕೊಟ್ಟು ಅಳೆಯಿರಿ. 30'-0" ಅಂತ ತೋರಿಸಿದರೆ ಬಿಟ್ಟಲ್ಲಿಂದ ಶುರುಮಾಡಿ.